ಹೊಂಗೆಮರದ ಮೇಲೆ ನೀಲಿಯಕ್ಕನ ದೂರು

ಒಗೆದು ಹಾಕಿದ ಬಟ್ಟೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನಿಮ್ಮ ಮನೆಯಲ್ಲೂ ಆಗಿರುತ್ತದೆ. ಒಗೆದು, ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿ, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಅಂಗಿಯ ಹೆಗಲ ಮೇಲೊಂದು ಕಲೆ. ಒಂದು ಅಂಗಿಗೇ ನೀವು ಅಷ್ಟು ಬೈದುಕೊಂಡರೆ, ಒಂದೇ ಸಲಕ್ಕೆ ಐವತ್ತು ಬೆಡ್‌ಶೀಟು ಒಣಹಾಕುವವಳ ಗತಿ ಏನಾಗಬೇಕು, ನೀವೇ ಹೇಳಿ.

ಆ ಐವತ್ತು ಬೆಡ್‌ಶೀಟಿನವಳೇ ನಮ್ಮ ನೀಲಿಯಕ್ಕ. ಬಟ್ಟೆಗೆ ಹಾಕುವ ನೀಲಿ ಅವಳ ಬೆರಳ ತುದಿಯನ್ನು ಬಿಟ್ಟುಹೋಗಿದ್ದೇ ಇಲ್ಲ, ಹಾಗಾಗಿ ಬೀದಿಯವರಿಗೆಲ್ಲ ಅವಳು ನೀಲಿಯಕ್ಕ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಂಡ ಹೆಂಡತಿ ಸೇರಿ ಲಾಂಡ್ರಿ ನಡೆಸುತ್ತಾರೆ. ಮುಂದೆ ಅಂಗಡಿ, ನಡುವೆ ಎರಡು ಕೋಣೆಯ ಮನೆ, ಹಿಂದೆ ಹಿತ್ತಿಲು. ಹಿತ್ತಿಲಲ್ಲಿ ಒಗೆಯುವ ಕಲ್ಲು, ಸಿಮೆಂಟಿನ ಎರಡು ತೊಟ್ಟಿ, ತಗಡಿನ ಚಾವಣಿ ಹೊದಿಸಿದ ಇಸ್ತ್ರಿ ಮನೆ, ಅದಕ್ಕೆ ನೆರಳಾಗಿ ಒಂದು ದೊಡ್ಡ ಹೊಂಗೆಮರ. ಮರದ ಬೊಡ್ಡೆಯಿಂದ ಪಕ್ಕದ ಮನೆಯ ಗೋಡೆಗುಂಟ ಬಚ್ಚಲ ಕೊಕ್ಕೆಯವರೆಗೆ ಎಳೆದು ಕಟ್ಟಿದ ನಾಲ್ಕು ಸಾಲು ಹಗ್ಗ. ಅವಳು ಒಗೆಯುತ್ತಾಳೆ, ಗಂಡ ಇಸ್ತ್ರಿ ಹಾಕುತ್ತಾನೆ. ಅವಳು ಮಾತಾಡುತ್ತಾಳೆ, ಗಂಡ ಹೂಂಗುಟ್ಟುತ್ತಾನೆ. ಇಪ್ಪತ್ತು ವರ್ಷದಿಂದ ಸಂಸಾರ ಹೀಗೇ ಸುಸೂತ್ರವಾಗಿ ನಡೆದುಬಂದಿತ್ತು.

ಚಳಿ ಹೋಗಿ ಬಿಸಿಲು ಏರುವ ದಿನಗಳು ಬಂದವೆಂದರೆ ಮಾತ್ರ ನೀಲಿಯಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಹೊಂಗೆ ಹಳೆಯ ಎಲೆಯನ್ನೆಲ್ಲ ಉದುರಿಸಿ, ಎಳೆಹಸಿರು ಹೊದ್ದುಕೊಂಡು, ಹಿಂದೆಯೇ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ನೋಡುವವರಿಗೆ ಚೆಂದ, ಗುಡಿಸುವವರಿಗೆ ಸೊಂಟ ನೋವು. ಹೂ ಬಂದು ನೀಲಿ ನೀರಿನ ತೊಟ್ಟಿಯಲ್ಲಿ ತೇಲುತ್ತದೆ. ಹೂವಿನ ಹಿಂದೆ ಜೇನುಹುಳ, ಹುಳುವಿನ ಹಿಂದೆ ಹಕ್ಕಿ, ಹಕ್ಕಿಯ ಹಿಂದೆ ಹಿಕ್ಕೆ.

ಆ ಸೋಮವಾರ ಲಾಡ್ಜಿನ ಮ್ಯಾನೇಜರು ಮೂರು ಬೆಡ್‌ಶೀಟುಗಳನ್ನು ವಾಪಸು ತಂದು ಅಂಗಡಿಯ ಮೇಜಿನ ಮೇಲೆ ಹರಡಿದರು. ಮೂರರಲ್ಲೂ ಹಣ್ಣಿನ ರಸ ಚೆಲ್ಲಿದಂಥ ನೇರಳೆ ಬಣ್ಣದ ಕಲೆ.

"ನೋಡಮ್ಮ, ನಿಮ್ಮ ಕೆಲಸದ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೆ ಬಂದ ಗಿರಾಕಿ ಇದ್ರ ಮೇಲೆ ಮಲಗಲ್ಲ ಅಂತಾರೆ. ಈ ಶನಿವಾರದ ಐವತ್ತರಲ್ಲಿ ಒಂದೇ ಒಂದು ಕಲೆ ಬಂದ್ರೂ ಮುಂದಿನ ವಾರದಿಂದ ಮಿಷನ್ ಲಾಂಡ್ರಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಲಾಡ್ಜಿನ ಕೆಲಸ ಕೈಬಿಟ್ಟರೆ ಮನೆಯ ಅರ್ಧ ಅನ್ನ ಕೈಬಿಟ್ಟ ಹಾಗೆ. ಅದಕ್ಕಿಂತ ಹೆಚ್ಚಾಗಿ, ನೀಲಿಯಕ್ಕನ ಬಿಳುಪಿಗೆ ಇಡೀ ಪೇಟೆಯಲ್ಲಿ ಹೆಸರಿತ್ತು. ಆ ಹೆಸರಿನ ಮೇಲೆ ಹಕ್ಕಿ ಬಂದು ಕೂತಿದ್ದು ಅವಳಿಗೆ ತಡೆಯಲಾಗಲಿಲ್ಲ.

"ಏನ್ರೀ, ಈ ಮರ ಕಡಿಸ್ಬಿಡೋಣ," ಅಂದಳು.

"ಹೂಂ," ಅಂದ ಗಂಡ, ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತದೆ.

"ಮನಸ್ಸಿಂದ ಹೂಂ ಅಂದ್ರೋ, ಬರೀ ಬಾಯಿಂದ ಅಂದ್ರೋ?"

"ನೀನು ಹೇಳಿದ ಮೇಲೆ ಇನ್ನೇನು," ಅಂದ ಅವನು, ಮೆತ್ತಗೆ.

ಸಂಜೆಗೇ ಮರ ಕಡಿಯುವವನು ಬಂದ. ಮರಕ್ಕೆ ಎರಡು ಸುತ್ತು ಹಾಕಿ, ಬೊಡ್ಡೆಯನ್ನು ತಟ್ಟಿ ನೋಡಿದ. ಶನಿವಾರ ಬೆಳಕು ಹರಿಯುವ ಮೊದಲೇ ಬಂದು, ಬಟ್ಟೆ ಒಣಹಾಕುವ ಹೊತ್ತಿಗೆ ಕೊಂಬೆಗಳನ್ನೆಲ್ಲ ಇಳಿಸಿಬಿಡುತ್ತೇನೆ ಎಂದು ಮಾತು ಕೊಟ್ಟು ಹೋದ.

ನಾದಿನಿ ಬಂದಿದ್ದು ಮಂಗಳವಾರ. ಗಂಡನ ಒಬ್ಬಳೇ ತಂಗಿ, ಸಸಿ ಬೆಳೆಸುವ ನರ್ಸರಿಯಲ್ಲಿ ಅವಳಿಗೆ ಕೆಲಸ. ವರ್ಷಕ್ಕೊಮ್ಮೆ ರಜೆ ಹಾಕಿ ತವರಿಗೆ ಬರುತ್ತಾಳೆ. ಬೇರೆಯವರ ನಾದಿನಿಯರು ಬರುವಾಗ ತಿಂಡಿ ಕಟ್ಟಿಕೊಂಡು ಬರುತ್ತಾರೆ, ಇವಳು ಮಣ್ಣು ಮೆತ್ತಿದ ಚೀಲದಲ್ಲಿ ಆರು ಸಸಿ ಹೊತ್ತುಕೊಂಡು ಬಂದಳು. ಮರದ ಸುದ್ದಿ ಕೇಳಿದ್ದೇ ಚೀಲವನ್ನು ಅಲ್ಲೇ ಇಳಿಸಿ ಹಿತ್ತಿಲಿಗೆ ನಡೆದಳು.

"ಅತ್ತಿಗೆ, ಮರ ಏನು ತಪ್ಪು ಮಾಡ್ತು?"

"ಕಣ್ಣು ಕಾಣಲ್ವೇನೆ ನಿಂಗೆ? ಈ ಶೀಟು ನೋಡು. ನಿಂಬೆಹಣ್ಣು ತಿಕ್ಕಿದೆ, ಸೋಡಾ ಹಾಕಿದೆ, ಬಿಸಿನೀರಲ್ಲಿ ಅದ್ದಿದೆ. ಜಪ್ಪಯ್ಯ ಅಂದ್ರೂ ಹೋಗಲ್ಲ."

ನಾದಿನಿ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಹಣ್ಣಿನ ಕಲೆ. ಹೊಂಗೆಲಿ ಎಲ್ಲಿ ಇಂಥ ಹಣ್ಣು ಬಿಡುತ್ತೆ ಅತ್ತಿಗೆ? ಗೋಡೆ ಆಚೆ ನೋಡಿ."

ಗೋಡೆಯ ಆಚೆ, ಪಕ್ಕದ ಮನೆಯ ಹಿಪ್ಪುನೇರಳೆ ಗಿಡ ಹಣ್ಣಿನ ಭಾರಕ್ಕೆ ಬಾಗಿ ನಿಂತಿತ್ತು. ನೀಲಿಯಕ್ಕ ಅದನ್ನು ದಿನಾ ನೋಡುತ್ತಿದ್ದಳು, ಆದರೆ ಹಾಗೆ ನೋಡಿರಲಿಲ್ಲ. ಒಂದು ಕ್ಷಣ ತಬ್ಬಿಬ್ಬಾದರೂ ಪಟ್ಟು ಬಿಡಲಿಲ್ಲ.

"ತಿನ್ನೋದು ಅಲ್ಲಿ, ಬಂದು ಕೂರೋದು ಇಲ್ಲಿ ತಾನೆ? ಕೂರೋಕೆ ಮರ ಇಲ್ದಿದ್ರೆ ಎಲ್ಲಿ ಕೂರ್ತವೆ?"

"ನಿಮ್ಮ ಹಗ್ಗದ ಮೇಲೆ," ಅಂದಳು ನಾದಿನಿ.

ಇಸ್ತ್ರಿ ಮನೆಯಿಂದ ಗಂಡ ಕಿಸಕ್ಕನೆ ನಕ್ಕ ಸದ್ದು ಕೇಳಿತು. ನೀಲಿಯಕ್ಕ ಆ ಕಡೆ ಕಣ್ಣು ಬಿಟ್ಟಳು, ಸದ್ದು ಅಡಗಿತು.

"ನಂಗೆ ಎರಡು ದಿನ ಕೊಡಿ ಅತ್ತಿಗೆ. ತಪ್ಪು ಮರದ್ದೇ ಅಂತ ಗೊತ್ತಾದ್ರೆ ಶನಿವಾರ ನಾನೇ ನಿಂತು ಕಡಿಸ್ತೀನಿ, ಕಸಾನೂ ನಾನೇ ಗುಡಿಸ್ತೀನಿ."

ಕಸ ಗುಡಿಸುವ ಮಾತು ನೀಲಿಯಕ್ಕನಿಗೆ ಹಿಡಿಸಿತು. "ಆಗ್ಲಿ ನೋಡೇ ಬಿಡೋಣ," ಅಂದಳು.

ಲಾಂಡ್ರಿಯವರ ಮನೆಯ ಒಂದು ಪದ್ಧತಿ ನಿಮಗೆ ಗೊತ್ತಿರಬಹುದು. ನೂರು ಮನೆಯ ಬಟ್ಟೆ ಒಂದೇ ತೊಟ್ಟಿಯಲ್ಲಿ ಬಿದ್ದರೂ ಅದಲು ಬದಲಾಗುವುದಿಲ್ಲ, ಯಾಕೆಂದರೆ ಮೂಲೆಯಲ್ಲಿ ಅಳಿಸದ ಶಾಯಿಯ ಗುರುತು ಇರುತ್ತದೆ. ಈ ಮನೆಗೆ ಎರಡು ಚುಕ್ಕೆ, ಆ ಮನೆಗೆ ಒಂದು ಚುಕ್ಕೆ ಒಂದು ಗೆರೆ. ನಾದಿನಿ ಹುಟ್ಟಿ ಬೆಳೆದಿದ್ದೂ ಇದೇ ಚುಕ್ಕೆಗಳ ನಡುವೆ. ಬುಧವಾರ ಬೆಳಿಗ್ಗೆ ಅವಳು ಒಂದು ಹಳೆಯ ಬೆಡ್‌ಶೀಟನ್ನು ನಾಲ್ಕು ತುಂಡಾಗಿ ಹರಿದು, ಒಂದೊಂದಕ್ಕೂ ಚುಕ್ಕೆ ಇಟ್ಟಳು. ಒಂದು ಚುಕ್ಕೆಯದನ್ನು ಮರದ ಬುಡದಲ್ಲಿ ಹಾಸಿದಳು. ಎರಡು ಚುಕ್ಕೆಯದನ್ನು ಬಚ್ಚಲ ಹತ್ತಿರ, ಮೇಲೆ ಕೊಂಬೆಯೇ ಇಲ್ಲದ ಕಡೆ, ಹಗ್ಗದ ಕೆಳಗೆ. ಮೂರು ಚುಕ್ಕೆಯದು ಹಿತ್ತಿಲ ನಡುವಿನ ಬಯಲಿಗೆ, ನಾಲ್ಕನೆಯದು ಇಸ್ತ್ರಿ ಮನೆಯ ಆಚೆ ಬದಿಗೆ. ಗಾಳಿಗೆ ಹಾರದ ಹಾಗೆ ಮೇಲೆ ಕಲ್ಲು ಹೇರಿದಳು.

"ಇವೇ ನಮ್ಮ ಸಾಕ್ಷಿ. ನಾಳೆ ಸಂಜೆವರೆಗೂ ಯಾರೂ ಮುಟ್ಟಬಾರದು," ಅಂದಳು.

"ಕೋರ್ಟು ಕಟ್ಟೆಗೆ ಹೋಗಿ ಬಂದವಳ ಹಾಗೆ ಆಡ್ತಾಳೆ," ಎಂದು ಗೊಣಗಿದಳು ನೀಲಿಯಕ್ಕ. ಆದರೆ ನೆಲ ಗುಡಿಸುವಾಗ ಆ ತುಂಡುಗಳನ್ನು ಬಳಸಿಕೊಂಡೇ ಹೋದಳು.

ಆ ಎರಡು ದಿನ ನೀಲಿಯಕ್ಕ ಮಾಡಿದ್ದು ಒಂದು ಹೊಸ ಕೆಲಸ: ಅವಳು ಹಿತ್ತಿಲಲ್ಲಿ ಸುಮ್ಮನೆ ಕೂತಳು. ಕಳ್ಳರನ್ನು ಕೈಯಾರೆ ಹಿಡಿಯಬೇಕೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳೆನ್ನಿ. ಕೈಯಲ್ಲಿ ಟೀ ಲೋಟ, ಪಕ್ಕದಲ್ಲಿ ನಾದಿನಿ.

ಮೊದಲು ಕಂಡಿದ್ದು ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುವ ಜೋಡಿ. "ಪಿಕಳಾರ. ಹಣ್ಣು ಕಳ್ಳರು ಇವರೇ," ಅಂದಳು ನಾದಿನಿ. ಆಮೇಲೆ ಹೂವಿನ ಗೊಂಚಲಿಗೆ ಬೆರಳುದ್ದದ ಸೂರಕ್ಕಿ ಬಂದು, ಬಾಗಿದ ಕೊಕ್ಕನ್ನು ಹೂವಿನೊಳಗೆ ತೂರಿಸಿತು. ಅದರ ಕತ್ತಿನ ಬಣ್ಣ ಬಿಸಿಲಿಗೆ ಒಮ್ಮೆ ನೀಲಿ, ಒಮ್ಮೆ ನೇರಳೆ. ನೀಲಿಯಲ್ಲೇ ಕೈ ಅದ್ದಿ ಬದುಕಿದವಳಿಗೂ ಅಂಥ ನೀಲಿ ಯಾವ ಪುಡಿಯಲ್ಲೂ ಸಿಕ್ಕಿರಲಿಲ್ಲ. ಅವಳು ಟೀ ಕುಡಿಯುವುದನ್ನು ಮರೆತಳು.

"ಇದು ದಿನಾ ಬರುತ್ತಾ?"

"ದಿನಾ ಬರುತ್ತೆ. ನೀವೇ ದಿನಾ ಬರಲ್ಲ."

ಒಂದು ಪಿಕಳಾರ ಹೊಂಗೆಯ ಎಳೆ ಎಲೆಯಿಂದ ಹಸಿರು ಹುಳುವೊಂದನ್ನು ಕಿತ್ತುಕೊಂಡು ಕೊಂಬೆಯ ನಡುವೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೊಂದು ಹುಳು. ಹಾಗೇ ಏಳೆಂಟು ಸಲ.

"ಒಂದೇ ಸಮ ಹುಳ ಒಯ್ಯುತ್ತಲ್ಲೇ. ಹೊಟ್ಟೆಬಾಕ ಹಕ್ಕಿ."

"ಅದರ ಹೊಟ್ಟೆಗಲ್ಲ ಅತ್ತಿಗೆ. ಒಳಗೆ ಎಲ್ಲೋ ಮರಿ ಇದೆ. ದೊಡ್ಡವು ಹಣ್ಣು ತಿಂದ್ಕೊಂಡು ಇದ್ಬಿಡ್ತವೆ, ಮರಿ ಬೆಳೀಬೇಕು ಅಂದ್ರೆ ಹುಳ ಬೇಕು. ಬೆಳಗಿಂದ ಸಂಜೆವರೆಗೂ ತಂದೆ ತಾಯಿಗೆ ಇದೇ ಓಡಾಟ."

ಬಚ್ಚಲ ಪಕ್ಕದಲ್ಲಿ ನೀಲಿಯಕ್ಕ ಸಾಲಾಗಿ ಜೋಡಿಸಿದ್ದ ಬಣ್ಣದ ಎಲೆಯ ಕುಂಡಗಳಿದ್ದವು. ದೂರದ ದೇಶದ ಗಿಡ ಎಂದು ಹೇಳಿ ಅಂಗಡಿಯವನು ಕೊಟ್ಟದ್ದು. ನಾದಿನಿ ಅದನ್ನು ತೋರಿಸಿ ಕೇಳಿದಳು: "ಇದರಲ್ಲಿ ಯಾವತ್ತಾದ್ರೂ ಒಂದು ಹುಳ ನೋಡಿದ್ದೀರಾ?"

"ಒಂದೂ ಇಲ್ಲ," ಅಂದಳು ನೀಲಿಯಕ್ಕ ಹೆಮ್ಮೆಯಿಂದ. "ಮೂರು ವರ್ಷ ಆಯ್ತು, ಒಂದು ಎಲೆಗೂ ತೂತು ಬಿದ್ದಿಲ್ಲ."

"ಅದೇ ನೋಡಿ ತೊಂದರೆ. ಇಲ್ಲಿನ ಹುಳಗಳಿಗೆ ಆ ಎಲೆ ಊಟ ಅಂತಾನೇ ಗೊತ್ತಿಲ್ಲ. ಹುಳ ಇಲ್ದಿದ್ರೆ ಮರಿಗೆ ಏನೂ ಇಲ್ಲ. ಹೊಂಗೆ ಈ ಮಣ್ಣಿಂದೇ ಮರ. ಇದನ್ನ ತಿನ್ನೋ ಹುಳ ಇದೆ, ಹುಳ ತಿನ್ನೋ ಹಕ್ಕಿ ಇದೆ. ಎಲೆಗೆ ನಾಲ್ಕು ತೂತು ಬಿದ್ರೂ ಮರಕ್ಕೆ ಏನೂ ಆಗಲ್ಲ, ಹಕ್ಕಿ ನೋಡ್ಕೊಳ್ಳುತ್ತೆ. ಔಷಧಿ ಹೊಡೆಯೋ ಕೆಲಸಾನೇ ಇಲ್ಲ."

"ಅಂದ್ರೆ ನಂ ಕುಂಡ ಎಲ್ಲ ಎಸೀಬೇಕಾ?"

"ಯಾಕೆ ಎಸೀತೀರ, ನೋಡೋಕೆ ಇರ್ಲಿ. ಪಕ್ಕದಲ್ಲಿ ನಾನು ತಂದಿರೋ ಲಕ್ಕಿ, ಆಡುಸೋಗೆ ಸಸಿ ನೆಟ್ಕೊಳ್ಳಿ, ಅವೂ ಈ ಮಣ್ಣಿನವೇ. ಆಮೇಲೆ ನೋಡಿ ಯಾವ ಕಡೆ ಗಿರಾಕಿ ಜಾಸ್ತಿ ಅಂತ."

ಗುರುವಾರ ಯಾರೂ ಕರೆಯದೆ ನೀಲಿಯಕ್ಕ ತಾನೇ ಎರಡು ಲೋಟ ಟೀ ಮಾಡಿಕೊಂಡು ಹಿತ್ತಿಲಿಗೆ ಬಂದಳು. ಕೊಂಬೆಯ ಸಂದಿಯಲ್ಲಿ ಪಿಕಳಾರದ ಬಟ್ಟಲಿನಂಥ ಗೂಡನ್ನು ಮೊದಲು ಕಂಡದ್ದೂ ಅವಳೇ. ಇಸ್ತ್ರಿ ಮನೆಯ ಮೇಲೆ ಚಾಚಿದ ಪಡುವಣ ಕೊಂಬೆಯಲ್ಲಿ, ಒಂದೂವರೆ ಆಳೆತ್ತರದಲ್ಲಿ. ಕೊಕ್ಕು ಕಂಡಾಗಲೆಲ್ಲ ಒಂದೊಂದಾಗಿ ಎಣಿಸಿ, "ಮೂರು ಇವೆ ಕಣೇ," ಎಂದು ಪಿಸುಗುಟ್ಟಿದಳು. ಅವಳ ಮನಸ್ಸು ತುಂಬಿ ಬಂದಿತ್ತು. ಕೆಲಸವಿಲ್ಲದೆ ಕೂತು ಇಷ್ಟು ಖುಷಿಯಾಗಿದ್ದು ಅವಳಿಗೆ ನೆನಪೇ ಇರಲಿಲ್ಲ.

ಗುರುವಾರ ಸಂಜೆ ಸಾಕ್ಷಿಗಳ ವಿಚಾರಣೆ. ನಾಲ್ಕು ತುಂಡುಗಳನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ ಮೂವರೂ ಸುತ್ತ ನಿಂತರು. ಒಂದು ಚುಕ್ಕೆಯದರಲ್ಲಿ, ಅಂದರೆ ಮರದ ಬುಡದಲ್ಲಿ, ಅಲ್ಲಲ್ಲಿ ಕಲೆ. ಮೂರು ಚುಕ್ಕೆ, ನಾಲ್ಕು ಚುಕ್ಕೆಯವು ಹಾಸಿದಾಗ ಹೇಗಿದ್ದವೋ ಹಾಗೇ ಇದ್ದವು, ಒಂದೆರಡು ಉದುರಿದ ಹೂ ಬಿಟ್ಟರೆ. ಎರಡು ಚುಕ್ಕೆಯದರ ಮೇಲೆ ಮಾತ್ರ ನೇರಳೆ ಕಲೆಗಳು ಒಂದರ ಹಿಂದೊಂದು ಸಾಲಾಗಿ ಬಿದ್ದಿದ್ದವು, ಹಗ್ಗದ ನೇರಕ್ಕೆ ಗೆರೆ ಎಳೆದ ಹಾಗೆ.

"ಇದರ ಮೇಲೆ ಕೊಂಬೆ ಎಲ್ಲಿತ್ತು ಅತ್ತಿಗೆ?"

"ಇರ್ಲಿಲ್ಲ."

"ಏನಿತ್ತು?"

ನೀಲಿಯಕ್ಕ ತುಂಡಿನ ಅಂಚನ್ನು ಮಡಿಸತೊಡಗಿದಳು. ಗಂಡನೇ ಹೇಳಿದ: "ಹಗ್ಗ."

ನಾದಿನಿ ವಿವರಿಸಿದಳು. ಹಕ್ಕಿ ಗೋಡೆಯಾಚೆ ಹಣ್ಣು ತಿನ್ನುತ್ತದೆ. ತಿಂದು ಹಾರಿದರೆ ಮೊದಲು ಸಿಗುವುದು ಗೋಡೆಗುಂಟ ಇರುವ ಈ ಹಗ್ಗ. ಮರ ಕಡಿದರೆ ಮರದ ಮೇಲೆ ಕೂರುತ್ತಿದ್ದವೂ ಹಗ್ಗಕ್ಕೇ ಬರುತ್ತವೆ. "ನೆರಳೂ ಹೋಗುತ್ತೆ, ಕಲೆಯೂ ಜಾಸ್ತಿ ಆಗುತ್ತೆ. ಹಗ್ಗಾನ ಇಸ್ತ್ರಿ ಮನೆ ಕಂಬದಿಂದ ಆ ಬದಿ ಗೋಡೆಗೆ ಕಟ್ಟಿ, ಈ ಗೋಡೆಯಿಂದ ಹತ್ತು ಹೆಜ್ಜೆ ದೂರ. ಅಲ್ಲಿ ಬಯಲು, ಹಕ್ಕಿ ಕೂರೋಕೆ ಹೆದರುತ್ತೆ. ಬಿಸಿಲೂ ಚೆನ್ನಾಗಿ ಬೀಳುತ್ತೆ."

ಇಷ್ಟು ಸುಲಭದ ಮಾತು ಇಪ್ಪತ್ತು ವರ್ಷ ಯಾಕೆ ಹೊಳೆಯಲಿಲ್ಲ? ಯಾಕೆಂದರೆ ಹಗ್ಗ ಕಟ್ಟಿದ್ದು ಮಾವನವರು. ಆಗ ಪಕ್ಕದಲ್ಲಿ ಗೋಡೆಯೂ ಇರಲಿಲ್ಲ, ಹಿಪ್ಪುನೇರಳೆಯೂ ಇರಲಿಲ್ಲ. ಹಗ್ಗ ಹಳತಾದಾಗಲೆಲ್ಲ ಹೊಸದನ್ನು ತಂದು ಅದೇ ಬೊಡ್ಡೆಗೆ, ಅದೇ ಕೊಕ್ಕೆಗೆ ಕಟ್ಟುತ್ತಿದ್ದರು. ಜಾಗ ಬದಲಿಸಬಹುದು ಎಂಬ ಯೋಚನೆಯೇ ಆ ಮನೆಯೊಳಗೆ ಕಾಲಿಟ್ಟಿರಲಿಲ್ಲ.

"ಈಗ್ಲೇ ಮರದವನಿಗೆ ಫೋನ್ ಮಾಡಿ ಬೇಡ ಅಂದ್ಬಿಡಿ," ಅಂದಳು ನಾದಿನಿ.

ನೀಲಿಯಕ್ಕನ ಮನಸ್ಸು ಒಪ್ಪಿತ್ತು. ಆದರೆ ಮಣ್ಣು ಮೆತ್ತಿದ ಕೈಯಲ್ಲಿ ಬಂದ ಚಿಕ್ಕವಳ ಮುಂದೆ, ಅದೂ ಗಂಡ ಮೀಸೆಯಲ್ಲೇ ನಗುತ್ತಿರುವಾಗ, ಸೋತೆ ಅನ್ನಲು ಬಾಯಿ ಬರಲಿಲ್ಲ. "ಶನಿವಾರ ತಾನೆ ಅವನು ಬರೋದು? ನಾಳೆ ಹೇಳಿದ್ರಾಯ್ತು," ಅಂದು ಒಳಗೆ ಹೋದಳು.

ಶುಕ್ರವಾರ ಊಟವಾದ ಮೇಲೆ ಅತ್ತಿಗೆ ನಾದಿನಿ ಇಬ್ಬರೂ ತಳ್ಳುಗಾಡಿ ತೆಗೆದುಕೊಂಡು ಲಾಡ್ಜಿಗೆ ಹೋದರು. ಐವತ್ತು ಬೆಡ್‌ಶೀಟು ಎಣಿಸಿ, ಗಂಟು ಕಟ್ಟಿ, ದಾರಿಯುದ್ದಕ್ಕೂ ಹರಟುತ್ತಾ ಬಂದರು. ಬೀದಿಯ ತಿರುವಿನಲ್ಲೇ ಗರಗಸದ ಸದ್ದು ಕೇಳಿತು. ನೀಲಿಯಕ್ಕ ಗಾಡಿಯನ್ನು ಅಲ್ಲೇ ಬಿಟ್ಟು ಓಡಿದಳು.

ಪಡುವಣ ಕೊಂಬೆ ನೆಲದ ಮೇಲೆ ಬಿದ್ದಿತ್ತು, ಹೂವಿನ ಸಮೇತ. ಮರ ಕಡಿಯುವವನು ಎರಡನೆಯ ಕೊಂಬೆಗೆ ಹಗ್ಗ ಬಿಗಿಯುತ್ತಿದ್ದ.

"ನಿಲ್ಸಪ್ಪಾ, ನಿಲ್ಸು," ಅಂದಳು.

"ಶನಿವಾರ ಬೇರೆ ಕಡೆ ಕೆಲಸ ಬಂತಕ್ಕ, ಅದಕ್ಕೇ ಇವತ್ತೇ ಮುಗಿಸೋಣ ಅಂತ ಬಂದೆ. ಅಣ್ಣ ಹೂಂ ಅಂದ್ರು," ಅಂದ ಅವನು.

ಅಣ್ಣ ತಲೆ ತಗ್ಗಿಸಿ ನಿಂತಿದ್ದ. "ನೀನು ಬೇಡ ಅಂತ ಹೇಳಿರ್ಲಿಲ್ವಲ್ಲ," ಅಂದ. ಅದು ನಿಜ. ನೀಲಿಯಕ್ಕ ಹೇಳಿರಲಿಲ್ಲ.

ಅವಳು ಮಂಡಿಯೂರಿ ಎಲೆಗಳ ನಡುವೆ ಕೈ ಹಾಕಿ ಹುಡುಕಿದಳು. ಗೂಡು ಸಿಕ್ಕಿತು, ಒಂದು ಬದಿ ಚಪ್ಪಟೆಯಾಗಿತ್ತು. ಒಳಗೆ ಎರಡು ಮರಿ ಬಾಯಿ ತೆರೆದುಕೊಂಡಿದ್ದವು. ಮೂರನೆಯದು ಸ್ವಲ್ಪ ದೂರದಲ್ಲಿ ಬಿದ್ದಿತ್ತು, ಅದು ಅಲುಗಲಿಲ್ಲ. ನೀಲಿಯಕ್ಕ ಅದನ್ನು ಅಂಗೈಯಲ್ಲಿ ಎತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು. ಅವಳು ಅತ್ತಳು, ಯಾರಿಂದಲೂ ಮುಚ್ಚಿಡಲು ನೋಡಲಿಲ್ಲ.

"ಉಳಿದ ಎರಡನ್ನ ನೋಡೋಣ ಅತ್ತಿಗೆ," ಅಂದಳು ನಾದಿನಿ, ಗಾಡಿ ತಳ್ಳಿಕೊಂಡು ಹಿಂದಿನಿಂದ ಬಂದು. "ಸಣ್ಣ ಬುಟ್ಟಿ ಬೇಕು, ತಳದಲ್ಲಿ ತೂತು ಇರೋದು."

ದಿಂಬಿನ ಕವರು ಒಣಹಾಕುವ ಕ್ಲಿಪ್ಪುಗಳ ಪ್ಲಾಸ್ಟಿಕ್ ಬುಟ್ಟಿ ಅಲ್ಲೇ ಇತ್ತು. ನೀಲಿಯಕ್ಕ ಕ್ಲಿಪ್ಪುಗಳನ್ನೆಲ್ಲ ನೆಲಕ್ಕೆ ಸುರಿದು ಬುಟ್ಟಿ ಕೊಟ್ಟಳು. ಒಣಹುಲ್ಲು ಹಾಸಿ, ಗೂಡನ್ನು ಅದರೊಳಗೆ ಕೂರಿಸಿದರು.

"ನಾವು ಮುಟ್ಟಿದ್ಮೇಲೆ ತಾಯಿ ಸೇರಿಸಲ್ವಂತೆ, ಹೌದಾ?" ಬುಟ್ಟಿಯಿಂದ ಕಣ್ಣು ತೆಗೆಯದೆ ಕೇಳಿದಳು ನೀಲಿಯಕ್ಕ.

"ಎಲ್ಲರೂ ಹಾಗೇ ಹೇಳ್ತಾರೆ. ಮನುಷ್ಯರ ಕೈ ತಾಗಿತು ಅಂತ ಹಕ್ಕಿ ಮರಿ ಬಿಡಲ್ಲ. ಆದ್ರೆ ಹತ್ತಿರದಲ್ಲೇ ಇಡ್ಬೇಕು, ಬೇಗ ಇಡ್ಬೇಕು, ಆಮೇಲೆ ನಾವು ದೂರ ಇರ್ಬೇಕು."

ಏಣಿ ಹತ್ತಿದ್ದು ಮರ ಕಡಿಯುವವನು. ಕಡಿದ ಜಾಗದ ಪಕ್ಕದ ಕೊಂಬೆಗೆ, ಎಲೆಯ ಮರೆಯಲ್ಲಿ, ಬುಟ್ಟಿಯನ್ನು ನಾಲ್ಕೂ ಕಡೆಯಿಂದ ಬಿಗಿದು ಕಟ್ಟಿದ. ಇಳಿದ ಮೇಲೆ ಕೂಲಿಯ ಮಾತೆತ್ತದೆ ಗೋಡೆಯ ಬಳಿ ಹೋಗಿ ಕುಳಿತ. ಗಂಡ ಇಸ್ತ್ರಿ ಮನೆಯೊಳಗೆ ಹೋದ, ಅತ್ತಿಗೆ ನಾದಿನಿ ಬಚ್ಚಲ ಕಡೆಗೆ ಸರಿದು ಕಾದರು.

ಕೊಂಬೆ ಹೋದ ಕಡೆಯಿಂದ ಬಿಸಿಲು ನೇರವಾಗಿ ಇಸ್ತ್ರಿ ಮನೆಯ ತಗಡಿನ ಮೇಲೆ ಬಿತ್ತು. ಒಂದೇ ಕೊಂಬೆ ಹೋಗಿದ್ದು, ಆದರೂ ಒಳಗಿನ ಸೆಕೆಗೆ ಗಂಡ ಎರಡು ಸಲ ಹೊರಗೆ ಬಂದು ಮುಖ ಒರೆಸಿಕೊಂಡ. ಇಡೀ ಮರ ಹೋಗಿದ್ದರೆ ಅವನು ಆ ಕೆಂಡದ ಪೆಟ್ಟಿಗೆ ಹಿಡಿದುಕೊಂಡು ಇಡೀ ಬೇಸಿಗೆ ಹೇಗೆ ನಿಲ್ಲುತ್ತಿದ್ದ ಎಂದು ನೀಲಿಯಕ್ಕನಿಗೆ ಈಗ ಹೊಳೆಯಿತು. ಆದರೂ ಅವನು ಒಂದು ಸಲವೂ ಬೇಡ ಅಂದಿರಲಿಲ್ಲ.

ತಾಯಿ ಹಕ್ಕಿ ಬಂತು. ಕೊಕ್ಕಿನಲ್ಲಿ ಹುಳು. ಕೊಂಬೆ ಇದ್ದ ಬರಿಯ ಗಾಳಿಯಲ್ಲಿ ರೆಕ್ಕೆ ಬಡಿದು, ಎಲ್ಲಿ ಕೂರುವುದೆಂದು ತಿಳಿಯದೆ ಗೋಡೆಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಬುಟ್ಟಿಯೊಳಗಿಂದ ಸಣ್ಣದೊಂದು ಚೀ ಚೀ ಕೇಳಿತು. ಹಕ್ಕಿ ಬುಟ್ಟಿಯ ಮೇಲಿನ ರೆಂಬೆಗೆ ಇಳಿಯಿತು, ಕತ್ತು ಓರೆ ಮಾಡಿ ನೋಡಿತು, ಅಂಚಿಗೆ ಹಾರಿತು, ಬಗ್ಗಿತು. ತಲೆ ಎತ್ತಿದಾಗ ಕೊಕ್ಕಿನಲ್ಲಿ ಹುಳು ಇರಲಿಲ್ಲ.

ನೀಲಿಯಕ್ಕ ನಾದಿನಿಯ ಕೈ ಹಿಡಿದುಕೊಂಡಳು. "ಸೋತೆ ಕಣೇ," ಅಂದಳು. "ನಿನ್ನೆ ಸಂಜೇನೇ ಅಂದಿದ್ರೆ ಮೂರೂ ಇರ್ತಿದ್ವು."

ಮರ ಕಡಿಯುವವನು ಗರಗಸವನ್ನು ಚೀಲಕ್ಕೆ ಹಾಕಿದ. "ಇನ್ಮೇಲೆ ಈ ಕಾಲದಲ್ಲಿ ಯಾರಾದ್ರೂ ಕರೆದ್ರೆ, ಮೊದ್ಲು ಹತ್ತಿ ನೋಡ್ತೀನಿ, ಆಮೇಲೆ ಕಡಿಯೋ ಮಾತು," ಎಂದು ಹೇಳಿ ಹೋದ.

ಆವತ್ತು ಸಂಜೆಯೇ ಹಗ್ಗ ಜಾಗ ಬದಲಿಸಿತು. ಬೊಡ್ಡೆಯಿಂದ ಬಿಚ್ಚುವಾಗ ಗಂಡನಿಗೆ ಕೈ ಬರಲಿಲ್ಲ. "ಅಪ್ಪ ಕಟ್ಟಿದ ಜಾಗ," ಅಂದ. "ಅವರು ಅವತ್ತಿನ ಹಿತ್ತಿಲು ನೋಡಿ ಕಟ್ಟಿದ್ರು, ನಾವು ಇವತ್ತಿಂದು ನೋಡಿ ಕಟ್ಟೋಣ," ಅಂದಳು ನೀಲಿಯಕ್ಕ. ಅವನು ಹೂಂ ಅಂದ, ಈ ಸಲ ಮನಸ್ಸಿನಿಂದಲೇ. ಗೋಡೆಯ ಮೂಲೆಯಲ್ಲಿ, ಹೊಸ ಹಗ್ಗದಿಂದ ದೂರದಲ್ಲಿ, ಹಕ್ಕಿಗಳಿಗೆಂದು ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ಶುದ್ಧ ನೀರು ಇಟ್ಟರು. ನೀಲಿ, ಸೋಪಿನ ನೀರು ಅದರ ಹತ್ತಿರ ಸುಳಿಯಬಾರದು ಎಂದು ನಾದಿನಿ ಕಟ್ಟಪ್ಪಣೆ ಮಾಡಿದಳು.

ಶನಿವಾರ ಬಯಲಿನ ಬಿಸಿಲಿಗೆ ಐವತ್ತು ಬೆಡ್‌ಶೀಟು ಒಂದು ಗಂಟೆ ಮುಂಚೆಯೇ ಒಣಗಿದವು. ಸಂಜೆ ಲಾಡ್ಜಿನಲ್ಲಿ ಮ್ಯಾನೇಜರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬಿಡಿಸಿ ನೋಡಿದರು. ನೀಲಿಯಕ್ಕ ಜೊತೆಜೊತೆಗೇ ಎಣಿಸುತ್ತ ನಿಂತಿದ್ದಳು. ಐವತ್ತನೆಯದನ್ನು ಮಡಿಸಿಟ್ಟು, "ಸೋಮವಾರ ಬಂದು ಮುಂದಿನ ಗಂಟು ತಗೊಂಡು ಹೋಗಿ," ಅಂದರು.

ನಾದಿನಿ ಹೊರಡುವ ಮೊದಲು ಆರೂ ಸಸಿಗಳನ್ನು ಗೋಡೆಯ ಪಕ್ಕ ನೆಟ್ಟರು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೀಲಿಯಕ್ಕ ಅವಳಿಗೆ ಫೋನ್ ಮಾಡಿದಳು. "ಎರಡೂ ಹಾರಿದ್ವು ಕಣೇ. ಒಂದು ಇಸ್ತ್ರಿ ಮನೆ ಮೇಲೆ ಕೂತು ನಿಮ್ಮಣ್ಣನ್ನೇ ನೋಡ್ತಿದೆ. ಅವರು ಪೆಟ್ಟಿಗೆ ಕೆಳಗಿಟ್ಟು ಅದನ್ನೇ ನೋಡ್ತಿದ್ದಾರೆ. ಕೆಲಸ ಎಲ್ಲ ನಿಂತಿದೆ." ಬೈಯುವ ಮಾತಾಗಿದ್ದರೂ ದನಿಯಲ್ಲಿ ಬೈಗುಳ ಇರಲಿಲ್ಲ.

ಇಷ್ಟು ಓದಿದ ಅಕ್ಕಂದಿರೇ, ಅಣ್ಣಂದಿರೇ, ಕೇಳಿಸಿಕೊಂಡ ಹಿರಿಯರೇ, ಈಗ ನಿಮ್ಮ ಸರದಿ. ನಿಮ್ಮ ಹಿತ್ತಿಲಲ್ಲೋ, ಬೀದಿಯಲ್ಲೋ, ಕೆಲಸದ ಜಾಗದಲ್ಲೋ ಒಂದು ಮರ ಇದ್ದೇ ಇರುತ್ತದೆ. ಚಿಗುರು, ಹೂವಿನ ಈ ದಿನಗಳಲ್ಲಿ ಅದರ ಕೆಳಗೆ ಒಂದು ಐದು ನಿಮಿಷ ಕೂತು ನೋಡಿ, ಅದಕ್ಕೆ ಖರ್ಚಿಲ್ಲ. ತೊಂದರೆ ಇದೆ ಅನ್ನಿಸಿದರೆ, ತೊಂದರೆ ಎಲ್ಲಿಂದ ಬರುತ್ತಿದೆ ಎಂದು ಎರಡು ದಿನ ಗಮನಿಸಿ. ಸರಿಸಬಹುದಾದ್ದನ್ನು ಸರಿಸಿ. ಜಾಗ ಇದ್ದರೆ ನಿಮ್ಮ ಮಣ್ಣಿನದೇ ಆದ ಒಂದು ಗಿಡ ನೆಡಿ, ಅದರ ಎಲೆಗೆ ತೂತು ಬಿದ್ದರೆ ಔಷಧಿ ಹುಡುಕುವ ಬದಲು ಹಕ್ಕಿ ಹುಡುಕಿ. ಕೊಂಬೆ ಸವರಲೇಬೇಕಾದರೆ ಗೂಡುಗಳು ಖಾಲಿಯಾಗುವವರೆಗೆ ಕಾಯಿರಿ.

ಮತ್ತು ಈಗಾಗಲೇ ಮರ ಕಡಿಯುವವರಿಗೆ ಬರಹೇಳಿದ್ದರೆ, ಈ ಹಾಳೆಯನ್ನು ಕೆಳಗಿಟ್ಟು ಇವತ್ತೇ, ಈಗಲೇ ಬೇಡ ಅನ್ನಿ. ನಾಳೆ ಹೇಳಿದರಾಯಿತು ಎಂದು ನೀಲಿಯಕ್ಕ ಕಾದಿದ್ದು ಒಂದೇ ಒಂದು ದಿನ. ಅಷ್ಟರಲ್ಲಿ ಒಂದು ಮರಿ ಹೋಯಿತು.